ಮನೆ ಮಗು ತರ

ಕನ್ನಡ ಈಗ ಕಲೀತಿರೋರಿಗೆ ‘ಸಾಕು’ ಅನ್ನೋ ಪದ ಸ್ವಲ್ಪ ಗೊಂದಲ ಮಾಡುತ್ತೆ. ತಟ್ಟೆ ಮೇಲೆ ಕೈ ಅಡ್ಡ ಹಿಡಿದು ‘ಸಾಕು’ ಅಂದ್ರೆ ಇನ್ನು ಬೇಡ ಅಂತ. ಅದೇ ಪದ ಕ್ರಿಯಾಪದವಾದಾಗ, ಅನ್ನ ಹಾಕಿ ನೋಡಿಕೊಂಡು ದೊಡ್ಡದು ಮಾಡೋದು ಅಂತ ಅರ್ಥ. ಮಕ್ಕಳನ್ನ ಸಾಕ್ತೀವಿ, ನಾಯಿ ಸಾಕ್ತೀವಿ, ಹಸು ಸಾಕ್ತೀವಿ. ಹಸು ಸಾಕೋದು ಹಾಲಿಗಾಗಿ, ಮಗು ಸಾಕೋದು ಮಗುವಿಗಾಗಿ. ಪದದಲ್ಲಿ ಆ ವ್ಯತ್ಯಾಸ ಕಾಣಲ್ಲ. ನಾನು ಬೆಳೆದ ಕಡೆ ಮಧ್ಯಮ ವರ್ಗದ ಮನೆಗಳಲ್ಲಿ ಹತ್ತು ಹನ್ನೆರಡು ವರ್ಷದ ಕೆಲಸದ ಹುಡುಗಿಯ ವಿಷಯ ಬಂದಾಗ ಹೇಳ್ತಿದ್ದ ಮಾತಿನಲ್ಲಿ ಇದೇ ಪದ ಇತ್ತು: “ಪಾಪ, ನಾವೇ ಸಾಕ್ತಾ ಇದೀವಿ.”

ಬಾಲಕಾರ್ಮಿಕರ ಬಗ್ಗೆ ನಾವು ಓದೋದು ಸಾಮಾನ್ಯವಾಗಿ ಮಗುವಿನ ಬಗ್ಗೆ, ಇಲ್ಲಾ ಅದರ ಅಪ್ಪ ಅಮ್ಮನ ಬಡತನದ ಬಗ್ಗೆ. ಕೆಲಸಕ್ಕೆ ಇಟ್ಟುಕೊಂಡವರು ಆ ಕಥೆಯಲ್ಲಿ ಎಲ್ಲೋ ಹಿಂದೆ ನಿಂತಿರ್ತಾರೆ. ಸಿನಿಮಾದಲ್ಲಾದರೆ ಅವರು ಕೈಯಲ್ಲಿ ಬೆಲ್ಟ್ ಹಿಡಿದ ಖಳನಾಯಕರು. ನನಗೆ ಗೊತ್ತಿರೋರು ಯಾರೂ ಹಾಗಿರಲಿಲ್ಲ. ದೇವರಿಗೆ ಹೆದರುವವರು, ಹಬ್ಬಕ್ಕೆ ಕೆಲಸದವರಿಗೂ ಹೊಸ ಬಟ್ಟೆ ತರುವವರು, ಬಡವರ ಬಗ್ಗೆ ನಿಜವಾಗಿ ಮರುಗುವವರು. ಅಂಥವರ ಮನಸ್ಸಿನಲ್ಲಿ ಒಂದು ಮಗುವಿನ ದುಡಿಮೆ ಹೇಗೆ ಒಪ್ಪಿತವಾಗಿ ಕೂರುತ್ತೆ ಅನ್ನೋದೇ ಈ ಬರಹದ ಪ್ರಶ್ನೆ.

ದೊಡ್ಡಮ್ಮನ ಉತ್ತರ

1996ರಲ್ಲಿ ತುಮಕೂರಿನ ನಮ್ಮ ದೊಡ್ಡಮ್ಮನ ಮನೆಗೆ ಒಬ್ಬ ಹುಡುಗಿ ಬಂದಳು. ಪಾವಗಡ ಕಡೆಯ ಹಳ್ಳಿಯವಳು. ಅವಳಿಗೆ ಹತ್ತು ವರ್ಷ, ನನಗೆ ಎಂಟು. ದೊಡ್ಡಮ್ಮ ಹೈಸ್ಕೂಲಿನಲ್ಲಿ ಟೀಚರ್. ಬೇಸಿಗೆ ರಜೆಗೆ ಹೋದಾಗ ನಾನೂ ಅವಳೂ ಪಡಸಾಲೆಯಲ್ಲಿ ಚೌಕಾಬಾರ ಆಡ್ತಿದ್ವಿ. ಆಟದ ಮಧ್ಯೆ ಒಳಗಿಂದ ಕೂಗು ಬಂದರೆ ಅವಳು ಎದ್ದು ಹೋಗ್ತಿದ್ದಳು, ನಾನು ಕವಡೆ ಹಿಡಿದುಕೊಂಡು ಕಾಯ್ತಿದ್ದೆ. ಎಂಟು ವರ್ಷ ಆ ಮನೆಯಲ್ಲಿದ್ದು, ಹದಿನೆಂಟಕ್ಕೆ ಮದುವೆಯಾಗಿ ಹೋದಳು.

ಹೋದ ವರ್ಷ ವಾಟ್ಸಾಪ್ ಕಾಲ್‌ನಲ್ಲಿ ಹಳೇ ಮಾತೆಲ್ಲ ಬರ್ತಿದ್ದಾಗ ಕೇಳಿದೆ.

“ದೊಡ್ಡಮ್ಮ, ಅವಳಿಗೆ ಸಂಬಳ ಎಷ್ಟು ಕೊಡ್ತಿದ್ರಿ?”

“ಸಂಬಳ ಏನೇ? ಮನೆ ಮಗು ತರ ಇದ್ಲು. ನಾವು ಉಂಡಿದ್ದೇ ಅವಳೂ ಉಂಡ್ಲು. ಯುಗಾದಿಗೆ, ಗೌರಿ ಹಬ್ಬಕ್ಕೆ ಅವರಪ್ಪ ಬರೋನು. ಕೈಗೆ ಒಂದಿಷ್ಟು ಕೊಟ್ಟು ಕಳಿಸ್ತಿದ್ವಿ.”

“ಸ್ಕೂಲಿಗೆ ಕಳಿಸಲಿಲ್ವಾ?”

“ಅವಳಿಗೆ ಓದು ಹತ್ತಲಿಲ್ಲ ಕಣೇ. ನಾನೇ ಅಕ್ಷರ ಕಲಿಸಿದೆ, ಪೇಪರ್ ಓದೋಷ್ಟು ಬಂತು.” ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: “ಊರಲ್ಲೇ ಇದ್ದಿದ್ರೆ ಅವಳ ಗತಿ ಏನಾಗ್ತಿತ್ತು ನೀನೇ ಹೇಳು. ನಾವೇನು ಹೊಡೆದ್ವಾ, ಬೈದ್ವಾ? ಮದುವೇನೂ ನಾವೇ ನಿಂತು ಮಾಡಿದ್ವಿ. ಓಲೆ ಜುಮುಕಿ ಹಾಕಿ ಕಳಿಸಿದ್ವಿ.”

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಆ ಓಲೆ ಜುಮುಕಿ ನಾನೂ ನೋಡಿದೀನಿ. ಆದರೆ ಸಂಬಳಕ್ಕೂ ಉಡುಗೊರೆಗೂ ಒಂದು ವ್ಯತ್ಯಾಸ ಇದೆ. ಸಂಬಳವನ್ನ ಕೇಳಬಹುದು, ಕಡಿಮೆಯಾದರೆ ಜಗಳ ಮಾಡಬಹುದು, ಬೇರೆ ಕಡೆ ಜಾಸ್ತಿ ಸಿಕ್ಕರೆ ಬಿಟ್ಟು ಹೋಗಬಹುದು. ಉಡುಗೊರೆ ಎಷ್ಟು, ಯಾವಾಗ ಅನ್ನೋದನ್ನ ಕೊಡೋರೇ ತೀರ್ಮಾನ ಮಾಡ್ತಾರೆ. ತಗೊಂಡೋರ ಮೇಲೆ ಋಣ ಉಳಿಯುತ್ತೆ. ಋಣ ಅಂದ್ರೆ ಸಾಲವೂ ಹೌದು, ಕೃತಜ್ಞತೆಯ ಭಾರವೂ ಹೌದು. ಎಂಟು ವರ್ಷ ದುಡಿದ ಹುಡುಗಿಗೆ ಮನೆಯವರು ಬಾಕಿ ಕೊಡಬೇಕಿತ್ತು. ಮನೆಯ ಲೆಕ್ಕದಲ್ಲಿ ಅವಳೇ ಋಣದಲ್ಲಿದ್ದಳು.

ಬಂಡೂರ ಹೇಳಿದ್ದು

ನಾನಿರೋ ಸನ್ನಿವೇಲ್‌ನಿಂದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಹತ್ತಿರ. ಅಲ್ಲಿ 1953ರಲ್ಲಿ ಪಾಠ ಮಾಡೋಕೆ ಸೇರಿ, 2021ರಲ್ಲಿ ತೀರಿಕೊಂಡ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ತುಂಬಾ ವರ್ಷ ಒಂದೇ ಪ್ರಶ್ನೆ ಹಿಡಿದು ಕೂತಿದ್ದರು: ತಾವು ಒಳ್ಳೆಯವರು ಅಂತ ನಂಬಿರೋ ಜನ ಬೇರೆಯವರಿಗೆ ತೊಂದರೆ ಆಗೋ ಕೆಲಸ ಮಾಡಿಯೂ ರಾತ್ರಿ ನೆಮ್ಮದಿಯಾಗಿ ಹೇಗೆ ಮಲಗ್ತಾರೆ? ಅವರ ಉತ್ತರ ಹೀಗಿತ್ತು. ಇಂಥವರಿಗೆ ನೀತಿ ಇಲ್ಲ ಅಂತಲ್ಲ. ಆ ಒಂದು ವಿಷಯದ ಮಟ್ಟಿಗೆ ಮನಸ್ಸು ನೀತಿಯ ಸ್ವಿಚ್ ಆಫ್ ಮಾಡಿಕೊಳ್ಳುತ್ತೆ. ಅದಕ್ಕೆ ಎಂಟು ದಾರಿಗಳನ್ನ ಅವರು ಪಟ್ಟಿ ಮಾಡಿದರು.

ಆ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ದೊಡ್ಡಮ್ಮನ ಮಾತು ಮತ್ತೆ ಕೇಳಿ. ಕೆಲಸಕ್ಕೆ ಬೇರೆ ಹೆಸರು ಕೊಡೋದು: ‘ಮನೆ ಮಗು ತರ’. ಇನ್ನೂ ಕೆಟ್ಟದ್ದರ ಜೊತೆ ಹೋಲಿಸೋದು: ‘ಊರಲ್ಲೇ ಇದ್ದಿದ್ರೆ ಏನಾಗ್ತಿತ್ತು’. ಪರಿಣಾಮವನ್ನ ಚಿಕ್ಕದು ಮಾಡೋದು: ‘ಪೇಪರ್ ಓದೋಷ್ಟು ಬಂತು’. ಕಾರಣವನ್ನ ಮಗುವಿನ ಮೇಲೇ ಹಾಕೋದು: ‘ಓದು ಹತ್ತಲಿಲ್ಲ’. ಹೊಣೆಯನ್ನ ಇನ್ನೊಬ್ಬರಿಗೆ ದಾಟಿಸೋದು ಮಾತ್ರ ಅವತ್ತು ಬರಲಿಲ್ಲ. ಬೇರೆ ಮನೆಗಳಲ್ಲಿ ಅದನ್ನೂ ಕೇಳಿದೀನಿ: ‘ಅವರಪ್ಪನೇ ತಂದು ಬಿಟ್ಟ, ನಾವು ಕೇಳಿರಲಿಲ್ಲ’.

ಬಂಡೂರ ಪಟ್ಟಿಯಲ್ಲಿ ಎದುರಿಗಿರೋರನ್ನ ಮನುಷ್ಯರೇ ಅಲ್ಲ ಅಂತ ನೋಡೋ ದಾರಿಯೂ ಇದೆ. ನಮ್ಮ ಮನೆಗಳಲ್ಲಿ ಅದರ ಅಗತ್ಯವೇ ಬೀಳಲಿಲ್ಲ. ಪ್ರೀತಿಯಿಂದಲೇ ಆ ಕೆಲಸ ನಡೀತು. ಆಸ್ಟಿನ್ ಚೋಯ್-ಫಿಟ್ಜ್‌ಪ್ಯಾಟ್ರಿಕ್ ಅನ್ನೋ ಸಮಾಜಶಾಸ್ತ್ರಜ್ಞ ಉತ್ತರ ಭಾರತದ ಹಳ್ಳಿಗಳಲ್ಲಿ ಜೀತಕ್ಕೆ ಇಟ್ಟುಕೊಂಡವರನ್ನೇ ಮಾತಾಡಿಸಿ 2017ರಲ್ಲಿ ಒಂದು ಪುಸ್ತಕ ಬರೆದಿದ್ದಾರೆ. (ಜೀತ ಅಂದ್ರೆ ಸಾಲ ತೀರೋವರೆಗೂ ಸಾಲ ಕೊಟ್ಟವನ ಬಳಿಯೇ ದುಡಿಯೋ ಕಟ್ಟುಪಾಡು.) ಅವರು ಕಂಡದ್ದೂ ಇದೇ. ಆ ಧಣಿಗಳಲ್ಲಿ ಎಷ್ಟೋ ಜನ ತಮ್ಮನ್ನ ತಂದೆಯ ಸ್ಥಾನದಲ್ಲಿ ಕಾಣ್ತಾರೆ. ಆಳುಗಳು ಬಿಡುಗಡೆಯಾಗಿ ಹೋದಾಗ ಅವರಿಗೆ ಆಗೋದು ಪಶ್ಚಾತ್ತಾಪ ಅಲ್ಲ, ನೋವು. ಇಷ್ಟು ದಿನ ನೋಡಿಕೊಂಡೆ, ನನ್ನನ್ನೇ ಬಿಟ್ಟು ಹೋದರು ಅಂತ.

ಬಿಸಿನೀರಿನ ಬಾಣಲೆ

ಮನೆಯಿಂದ ಕಾರ್ಖಾನೆಗೆ ಬಂದರೆ ಪ್ರೀತಿಯ ಮಾತು ಕಡಿಮೆಯಾಗುತ್ತೆ, ‘ಉಪಕಾರ’ದ ಮಾತು ಉಳಿಯುತ್ತೆ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರ ಜನವರಿಯಲ್ಲಿ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ಒಂದು ವರದಿ ತಂದಿತು. ಅದರಲ್ಲಿ ದೊಡ್ಡ ಭಾಗ ನಮ್ಮ ಕರ್ನಾಟಕದ್ದು, ರಾಮನಗರ, ಮಾಗಡಿ, ಚನ್ನಪಟ್ಟಣದ ಕಡೆಯದು. ಬೆಂಗಳೂರಿನಿಂದ ಒಂದೆರಡು ಗಂಟೆಯ ದಾರಿ. ಅದೇ ಹೊತ್ತಿಗೆ ಬೆಂಗಳೂರಿನಿಂದ ನಮ್ಮಂಥವರು ವಿಮಾನ ಹತ್ತಿ ಇಲ್ಲಿಗೆ ಬರ್ತಿದ್ದರು.

ಕೆಲಸ ಹೇಗಿತ್ತು ಅಂತ ಸ್ವಲ್ಪ ಹೇಳ್ತೀನಿ. ರೇಷ್ಮೆ ಗೂಡನ್ನ ಕುದಿಯೋ ನೀರಿನಲ್ಲಿ ಹಾಕಿದಾಗ ಅಂಟು ಸಡಿಲವಾಗಿ ಎಳೆ ಬಿಡುತ್ತೆ. ಎಳೆ ಸಿಕ್ಕಿತಾ ಅಂತ ನೋಡೋಕೆ ಬಿಸಿನೀರಿಗೆ ಕೈ ಹಾಕಬೇಕು. ಹಾಗೆ ಬಿಚ್ಚಿದ ನೂಲಿಗೆ ಹುರಿ ಹಾಕೋ ಯಂತ್ರಗಳ ಮುಂದೆ ಇಡೀ ದಿನ ನಿಂತು, ತುಂಡಾದ ಎಳೆಗಳನ್ನ ಗಂಟು ಹಾಕ್ತಾ ಇರಬೇಕು. ಕಿವಿಗಡಚಿಕ್ಕುವ ಸದ್ದು, ಗಾಳಿಯಾಡದ ಕೋಣೆ, ಹುಳುವಿನ ವಾಸನೆ. ಮಗುವಿನ ಅಪ್ಪ ಅಮ್ಮನಿಗೆ ಮಾಲೀಕ ಮೊದಲೇ ‘ಅಡ್ವಾನ್ಸ್’ ಕೊಟ್ಟಿರ್ತಾನೆ. ಅದು ತೀರದೆ ಮಗು ಕೆಲಸ ಬಿಡೋ ಹಾಗಿಲ್ಲ. ಸಿಗೋ ಕೂಲಿಯಲ್ಲಿ ಅದು ತೀರೋ ಹಾಗೂ ಇಲ್ಲ.

ಇಲ್ಲಿ ಮಾಲೀಕ ಅಂದ್ರೆ ಗಿರಣಿಯ ಸಾಹುಕಾರ ಅಂತ ಅಂದ್ಕೋಬೇಡಿ. ಎಷ್ಟೋ ಘಟಕಗಳು ಮನೆಯ ಪಕ್ಕದ ಶೆಡ್‌ಗಳು. ಗೂಡಿನ ಬೆಲೆ ದಿನದಿನಕ್ಕೆ ಏರುತ್ತೆ, ಇಳಿಯುತ್ತೆ. ಸಾಲ ತಂದು ನಡೆಸೋ ಇಂಥವನ ಕಣ್ಣಿನಲ್ಲಿ ಅವನೂ ಬಡವನೇ. ಆ ಅಡ್ವಾನ್ಸ್ ಅವನಿಗೆ ಕಾಣೋದು ಕಷ್ಟಕಾಲದಲ್ಲಿ ಮಾಡಿದ ಸಹಾಯವಾಗಿ. ಬ್ಯಾಂಕ್ ಕೊಡದ ದುಡ್ಡನ್ನ ನಾನು ಕೊಟ್ಟೆ, ಮಗುವಿಗೆ ಕಸುಬನ್ನೂ ಕಲಿಸ್ತಿದೀನಿ ಅನ್ನೋದು ಅವನ ಲೆಕ್ಕ.

ಇನ್ನೊಂದು ಮಾತು ಇಂಥ ಉದ್ಯಮಗಳಲ್ಲೆಲ್ಲ ಬರುತ್ತೆ: ಮಕ್ಕಳ ಬೆರಳು ಸಣ್ಣ, ಚುರುಕು, ದೊಡ್ಡವರಿಗೆ ಈ ಕೆಲಸ ಬರಲ್ಲ ಅಂತ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಾಗಿ 1990ರ ದಶಕದಲ್ಲಿ ಭಾರತದ ಕಾರ್ಪೆಟ್ ನೇಯ್ಗೆಯಲ್ಲಿ ಇದನ್ನ ಅಳೆದು ನೋಡಿದರು. ಮಕ್ಕಳ ಬೆರಳಿಗೆ ಅಂಥ ವಿಶೇಷ ಏನೂ ಇರಲಿಲ್ಲ. ಉಳಿಯೋ ಕಾರಣಗಳು ಸರಳ. ಮಗು ಅಗ್ಗ, ಎದುರು ಮಾತಾಡಲ್ಲ, ಸಂಘ ಕಟ್ಟಲ್ಲ. ಈ ಕಾರಣಗಳನ್ನ ಕನ್ನಡಿ ಮುಂದೆ ನಿಂತು ತನಗೇ ಹೇಳಿಕೊಳ್ಳೋದು ಕಷ್ಟ. ಬೆರಳಿನ ಕಥೆ ಹೇಳಿಕೊಳ್ಳೋದು ಸುಲಭ.

‘ನಾನೂ ಹಾಗೇ ಬಂದವನು’

ಕುಂದಾಪುರ, ಉಡುಪಿ ಕಡೆ ‘ಮಾಣಿ’ ಅಂದ್ರೆ ಹುಡುಗ. ಅಲ್ಲಿನವರು ಊರೂರಿಗೆ ಹೋಗಿ ಹೋಟೆಲ್ ತೆರೆದ ಮೇಲೆ ಘಟ್ಟದ ಮೇಲಿನ ಕನ್ನಡದಲ್ಲಿ ಆ ಪದಕ್ಕೆ ಹೋಟೆಲಿನ ಸಪ್ಲೈಯರ್ ಅನ್ನೋ ಅರ್ಥ ಬಂತು. ಒಂದು ಭಾಷೆಯಲ್ಲಿ ‘ಹುಡುಗ’ ಅನ್ನೋದೇ ಕೆಲಸದ ಹೆಸರಾಗಿದೆ ಅಂದ್ರೆ ಆ ಕೆಲಸ ಯಾರು ಮಾಡ್ತಿದ್ದರು ಅಂತ ಬೇರೆ ಹೇಳಬೇಕಾಗಿಲ್ಲ.

ಈ ಲೋಕದಲ್ಲಿ ಮಾಲೀಕರ ವಾದ ಬೇರೆ ತರ. ‘ನಾನೂ ಲೋಟ ತೊಳೆದೇ ಮೇಲೆ ಬಂದವನು.’ ಇದು ನಿಜವೂ ಹೌದು. ಸಾಗರ್ ರತ್ನ ಹೋಟೆಲುಗಳನ್ನ ಕಟ್ಟಿದ ಜಯರಾಮ ಬನಾನ್ ಕಾರ್ಕಳದಿಂದ 13ನೇ ವಯಸ್ಸಿಗೆ ಮುಂಬೈ ಕಡೆ ಓಡಿ ಹೋಗಿ, ಕ್ಯಾಂಟೀನಿನಲ್ಲಿ ತಟ್ಟೆ ತೊಳೆದು ಶುರು ಮಾಡಿದವರು. ಮುಂಬೈನಲ್ಲಿ ಕನ್ನಡದ ರಾತ್ರಿಶಾಲೆಗಳಿದ್ದವು. ಹಗಲು ಟೇಬಲ್ ಒರೆಸಿ ರಾತ್ರಿ ಪಾಠ ಕೇಳಿ ಮುಂದೆ ಬಂದವರೂ ಇದ್ದಾರೆ. ಕೆಲಸ ಬೇಗ ಮುಗಿಸಿಕೊಟ್ಟು ಹುಡುಗರನ್ನ ಶಾಲೆಗೆ ಕಳಿಸಿದ ಮಾಲೀಕರೂ ಇದ್ದರು. ಆ ಒಳ್ಳೆಯತನವನ್ನ ನಾನು ಅಲ್ಲಗಳೆಯಲ್ಲ.

ಆದರೆ ನನ್ನ ವೃತ್ತಿ ದತ್ತಾಂಶದ ಜೊತೆ. ಅಲ್ಲಿ ಮೊದಲು ಕಲಿಯೋ ಪಾಠ, ಈ ಪಟ್ಟಿಯಲ್ಲಿ ಯಾರು ಇಲ್ಲ ಅಂತ ಕೇಳೋದು. ಲೋಟ ತೊಳೆದು ಮಾಲೀಕರಾದವರ ಕಥೆ ಪೇಪರಿನಲ್ಲಿ ಬರುತ್ತೆ. ಲೋಟ ತೊಳೆದು ಲೋಟ ತೊಳೆಯೋದರಲ್ಲೇ ಉಳಿದವರ ಆತ್ಮಕಥೆ ಯಾರೂ ಅಚ್ಚು ಹಾಕಿಸಲ್ಲ. ಗೆದ್ದವರನ್ನ ಮಾತ್ರ ಎಣಿಸಿದರೆ ಯಾವ ಕಷ್ಟವೂ ತರಬೇತಿಯಂತೆ ಕಾಣುತ್ತೆ. ಕಷ್ಟಪಟ್ಟು ಮಾಲೀಕನಾದವನಿಗೆ ಇನ್ನೊಂದು ತೊಡಕೂ ಇದೆ. ಈ ಹುಡುಗನಿಗೆ ಆಗ್ತಿರೋದು ಅನ್ಯಾಯ ಅಂತ ಒಪ್ಪಿಕೊಂಡರೆ ಚಿಕ್ಕಂದಿನಲ್ಲಿ ತನಗೆ ಆದದ್ದೂ ಅನ್ಯಾಯವೇ ಅಂತ ಒಪ್ಪಬೇಕಾಗುತ್ತೆ. ಹೆಮ್ಮೆಯಿಂದ ಹೇಳ್ಕೊಂಡು ಬಂದ ಕಥೆಯನ್ನ ಅರವತ್ತನೇ ವಯಸ್ಸಿಗೆ ಹಾಗೆ ಬದಲಾಯಿಸೋದು ಯಾರಿಗೂ ಸುಲಭ ಅಲ್ಲ.

ಕಾನೂನೂ ಹಾಗೇ ಯೋಚಿಸ್ತಿತ್ತು

ದೊಡ್ಡಮ್ಮ 1996ರಲ್ಲಿ ಕಾನೂನು ಮುರಿದರಾ? ಇಲ್ಲ. ಭಾರತ ಸರ್ಕಾರ 1979ರಲ್ಲಿ ಬಾಲಕಾರ್ಮಿಕರ ಬಗ್ಗೆ ಒಂದು ಸಮಿತಿ ಮಾಡಿತು. ಅದರ ಅಧ್ಯಕ್ಷರು ನಮ್ಮ ಮೈಸೂರಿನವರೇ, ಎಂ. ಎಸ್. ಗುರುಪಾದಸ್ವಾಮಿ. ಬಡತನ ಇರೋವರೆಗೂ ಪೂರ್ತಿ ನಿಷೇಧ ಆಗದ ಮಾತು, ಅಪಾಯದ ಕೆಲಸಗಳಲ್ಲಿ ನಿಷೇಧಿಸಿ ಉಳಿದ ಕಡೆ ನಿಯಂತ್ರಿಸೋಣ ಅಂತ ಆ ಸಮಿತಿ ಹೇಳಿತು. 1986ರ ಕಾಯ್ದೆ ಬಂದದ್ದು ಆ ದಾರಿಯಲ್ಲೇ. ಮನೆಗೆಲಸಕ್ಕೆ, ಹೋಟೆಲಿಗೆ 14ರ ಒಳಗಿನ ಮಕ್ಕಳನ್ನ ಇಟ್ಟುಕೊಳ್ಳಬಾರದು ಅಂತ ಆಗಿದ್ದು 2006ರ ಅಕ್ಟೋಬರ್ 10ರಿಂದ. ಎಲ್ಲಾ ಬಗೆಯ ಕೆಲಸಕ್ಕೂ ನಿಷೇಧ ಹರಡಿದ್ದು 2016ರ ತಿದ್ದುಪಡಿಯಲ್ಲಿ. ಆಗಲೂ ಶಾಲೆ ಮುಗಿದ ಮೇಲೆ ಸ್ವಂತ ಕುಟುಂಬದ ಕೆಲಸಕ್ಕೆ ವಿನಾಯಿತಿ ಉಳಿಯಿತು.

ಅಮೆರಿಕದ ರಾಜಕೀಯಶಾಸ್ತ್ರಜ್ಞ ಮೈರನ್ ವೀನರ್ 1991ರಲ್ಲಿ ಬರೆದ ಪುಸ್ತಕದಲ್ಲಿ ಇದನ್ನೇ ಗುರುತಿಸಿದ್ದರು. ಭಾರತದಲ್ಲಿ ಮಕ್ಕಳು ಶಾಲೆಯ ಹೊರಗಿರೋಕೆ ಬಡತನಕ್ಕಿಂತ ದೊಡ್ಡ ಕಾರಣ ಅಧಿಕಾರಿಗಳ, ಶಿಕ್ಷಕರ, ಮಧ್ಯಮ ವರ್ಗದ ನಂಬಿಕೆ ಅಂತ ಅವರ ವಾದ. ಕೆಲವರು ತಲೆಯಿಂದ ದುಡಿಯೋಕೆ, ಕೆಲವರು ಕೈಯಿಂದ ದುಡಿಯೋಕೆ ಹುಟ್ಟಿದವರು ಅನ್ನೋ ನಂಬಿಕೆ. ಜಾತಿಯ ಹೆಸರು ಹೇಳದೇ ಜಾತಿ ಮಾತಾಡೋದು ಹೀಗೆ. ‘ಅವಳಿಗೆ ಓದು ಹತ್ತಲಿಲ್ಲ’ ಅನ್ನೋ ಮಾತನ್ನ ಒಬ್ಬ ಟೀಚರ್ ಬಾಯಲ್ಲಿ ಕೇಳಿದಾಗ ನನಗೆ ನೆನಪಾಗಿದ್ದು ಆ ಸಾಲು. ಕ್ಲಾಸಿನಲ್ಲಿ ಓದು ಹತ್ತದ ಮಕ್ಕಳಿಗೆ ಸಂಜೆ ಕೂರಿಸಿಕೊಂಡು ಪಾಠ ಹೇಳಿದವರು ಅವರು.

ಬರ್ಕ್ಲಿಯಲ್ಲಿ ‘ಮಗಳು’

ಇದೆಲ್ಲ ಅಲ್ಲಿನ ಕಥೆ, ಹಳೇ ಕಥೆ ಅಂತ ಅನ್ನಿಸಿದರೆ, ನಾವಿರೋ ಕಡೆಯೇ ನಡೆದದ್ದು ಒಂದಿದೆ. 1999ರ ನವೆಂಬರ್ 24ರಂದು ಬರ್ಕ್ಲಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿ 17 ವರ್ಷದ ಹುಡುಗಿಯೊಬ್ಬಳು ಸತ್ತಳು. ಆಂಧ್ರದ ಹಳ್ಳಿಯಿಂದ ಬಂದವಳು. ಕಟ್ಟಡದ ಮಾಲೀಕ ಲಕಿರೆಡ್ಡಿ ಬಾಲಿ ರೆಡ್ಡಿ ಆ ಊರಿನ ಅತಿ ದೊಡ್ಡ ಮನೆಮಾಲೀಕರಲ್ಲಿ ಒಬ್ಬ, ಹೋಟೆಲೂ ಇತ್ತು. ಮೊದಲಿಗೆ ಎಲ್ಲರಿಗೂ ಅದು ಅಪಘಾತ ಅಷ್ಟೇ. ಬರ್ಕ್ಲಿ ಹೈಸ್ಕೂಲಿನ ವಿದ್ಯಾರ್ಥಿ ಪತ್ರಿಕೆ ‘ಜಾಕೆಟ್’ನವರು ಒಂದು ಸರಳ ಪ್ರಶ್ನೆ ಕೇಳಿದರು: ನಮ್ಮ ವಯಸ್ಸಿನ ಹುಡುಗಿ ನಮ್ಮ ಶಾಲೆಯಲ್ಲಿ ಯಾಕಿರಲಿಲ್ಲ? ಊರಿನ ದೊಡ್ಡವರು ಯಾರೂ ಕೇಳದ ಪ್ರಶ್ನೆ ಅದು.

ಆಮೇಲೆ ಹೊರಬಂದದ್ದು ಭೀಕರ. ಚಿಕ್ಕ ವಯಸ್ಸಿನ ಹುಡುಗಿಯರನ್ನ ಕರೆಸಿ ದುಡಿಸಿಕೊಂಡಿದ್ದಲ್ಲದೆ ಲೈಂಗಿಕವಾಗಿಯೂ ಶೋಷಿಸಿದ್ದ. ಎಚ್-1ಬಿ ವೀಸಾದಲ್ಲಿ ಬಂದವರ ಹೆಣ್ಣುಮಕ್ಕಳು ಅಂತ ಸುಳ್ಳು ಕಾಗದ ಮಾಡಿಸಿ ಅವರನ್ನ ಒಳಗೆ ತರಲಾಗಿತ್ತು. ವೀಸಾ ಕಾಗದದಲ್ಲಿ ಆ ಹುಡುಗಿ ‘ಮಗಳು’. 2001ರಲ್ಲಿ ತಪ್ಪೊಪ್ಪಿಕೊಂಡ ಅವನಿಗೆ ಎಂಟು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಜೈಲಾಯಿತು. ಅದೇ ಮನುಷ್ಯನ ಹೆಸರಿನಲ್ಲಿ ಅವನ ಊರಿನ ಹತ್ತಿರ, ಮೈಲವರಂನಲ್ಲಿ, 1998ರಿಂದ ಒಂದು ಇಂಜಿನಿಯರಿಂಗ್ ಕಾಲೇಜು ನಡೀತಿದೆ.

ನಮ್ಮ ದೊಡ್ಡಮ್ಮನನ್ನ ಆ ಅಪರಾಧಿಯ ಪಕ್ಕ ನಾನು ಕೂರಿಸ್ತಿಲ್ಲ. ಎರಡರ ಮಧ್ಯೆ ಬಹಳ ದೂರ ಇದೆ. ಆದರೆ ‘ಮಗಳು’ ಅನ್ನೋ ಪದ ಎರಡೂ ಕಡೆ ಒಂದೇ ಕೆಲಸ ಮಾಡಿತು. ಹೊರಗಿನವರ ಪ್ರಶ್ನೆಯನ್ನ ಬಾಗಿಲಲ್ಲೇ ನಿಲ್ಲಿಸಿತು. ಮನೆ ಒಳಗಿನ ವಿಷಯ ಅಂದ ಮೇಲೆ ಯಾರು ಕೇಳ್ತಾರೆ?

ದೊಡ್ಡ ಕಂಪನಿಗಳಿಗೆ ಇಂಥ ಪದ ಬೇಕಾಗಲ್ಲ, ಕಾಗದ ಸಾಕು. 2023ರ ಫೆಬ್ರವರಿಯಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ ಪ್ಯಾಕರ್ಸ್ ಸ್ಯಾನಿಟೇಶನ್ ಸರ್ವೀಸಸ್ ಅನ್ನೋ ಕಂಪನಿಯಿಂದ ಸುಮಾರು 15 ಲಕ್ಷ ಡಾಲರ್ ದಂಡ ಕಟ್ಟಿಸಿಕೊಂಡಿತು. ಎಂಟು ರಾಜ್ಯಗಳ 13 ಮಾಂಸ ಕಾರ್ಖಾನೆಗಳಲ್ಲಿ 13ರಿಂದ 17 ವರ್ಷದ 102 ಮಕ್ಕಳು ರಾತ್ರಿ ಪಾಳಿಯಲ್ಲಿ ಯಂತ್ರ ತೊಳೀತಿದ್ದರು. ಮಾಂಸ ಮಾರೋ ಕಂಪನಿ ಬೇರೆ, ತೊಳೆಯೋ ಗುತ್ತಿಗೆ ಕಂಪನಿ ಬೇರೆ, ದಾಖಲೆ ಪರೀಕ್ಷಿಸೋದು ಕಂಪ್ಯೂಟರ್. ಹೊಣೆಯನ್ನ ಇಷ್ಟು ಚೂರು ಮಾಡಿದರೆ ಯಾರ ಕೈಗೂ ಭಾರ ಅನ್ನಿಸಲ್ಲ. ಇದೂ ಬಂಡೂರ ಪಟ್ಟಿಯಲ್ಲಿದೆ.

ಯಾರನ್ನ ಕೇಳಿ ಎಣಿಸಿದ್ರಿ?

ಅಂಕಿಅಂಶಕ್ಕೆ ಬರೋಣ. 2001ರ ಜನಗಣತಿಯಲ್ಲಿ 5ರಿಂದ 14 ವರ್ಷದ 1.26 ಕೋಟಿ ಮಕ್ಕಳು ದುಡೀತಿದ್ದರು. 2011ರಲ್ಲಿ 43.5 ಲಕ್ಷ ಅಂತ ಸರ್ಕಾರಿ ಕಾಗದಗಳಲ್ಲಿ ನೋಡ್ತೀರಿ, ಎಷ್ಟು ಇಳಿದಿದೆ ಅನ್ನಿಸುತ್ತೆ. ಆದರೆ ಎರಡನೆಯದು ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ದುಡಿದ ಮಕ್ಕಳ ಲೆಕ್ಕ ಮಾತ್ರ. ಅದಕ್ಕಿಂತ ಕಡಿಮೆ ದುಡಿದವರನ್ನೂ ಮೊದಲಿನ ಹಾಗೆ ಸೇರಿಸಿದರೆ 1.01 ಕೋಟಿ. ಇಳಿದಿದೆ, ಆದರೆ ಅಷ್ಟೊಂದಲ್ಲ.

ಇದಕ್ಕಿಂತ ನನ್ನನ್ನ ಕಾಡೋದು ಬೇರೆ. ಗಣತಿಯವರು ಮನೆ ಬಾಗಿಲಿಗೆ ಬಂದಾಗ ಉತ್ತರ ಹೇಳೋದು ಸಾಮಾನ್ಯವಾಗಿ ಮನೆಯ ಯಜಮಾನರು. ಅಲ್ಲೇ ಇದ್ದು ಅಲ್ಲೇ ಉಣ್ಣೋ ಹುಡುಗಿಯ ಲೆಕ್ಕವನ್ನ ಕೊಡೋರು ಅವಳನ್ನ ದುಡಿಸ್ತಿರೋರೇ. ‘ದೂರದ ಸಂಬಂಧ, ನಮ್ಮನೇಲೇ ಇದ್ದಾಳೆ’ ಅಂದರೆ ಅವಳು ಕುಟುಂಬದವಳಾಗ್ತಾಳೆ. ಸ್ವಂತ ಕುಟುಂಬದ ಅಡುಗೆ, ಕಸ ಮುಸುರೆ ಜನಗಣತಿಯ ಲೆಕ್ಕದಲ್ಲಿ ‘ಕೆಲಸ’ ಅಲ್ಲ. ಹಾಗಾಗಿ ‘ಮನೆ ಮಗು ತರ’ ಅನ್ನೋ ಮಾತು ಮನಸ್ಸಿನ ಸಮಾಧಾನಕ್ಕೆ ಮಾತ್ರ ನಿಲ್ಲಲ್ಲ. ಅದು ನೇರವಾಗಿ ಒಂದು ಸೊನ್ನೆಯಾಗಿ ದೇಶದ ದತ್ತಾಂಶದಲ್ಲಿ ಕೂರುತ್ತೆ. ಮುಂದಿನ ಗಣತಿಗೆ 2027ರ ಮಾರ್ಚ್ 1 ಅನ್ನ ಗೊತ್ತು ಮಾಡಿದ್ದಾರೆ. ಪ್ರಶ್ನೆಗೆ ಉತ್ತರ ಹೇಳೋರು ಆಗಲೂ ಅವರೇ.

ಆ ಹುಡುಗಿ ಈಗ ಬೆಂಗಳೂರಿನಲ್ಲಿದ್ದಾರೆ, ಟೈಲರಿಂಗ್ ಮಾಡ್ತಾರೆ. ದೊಡ್ಡಮ್ಮನಿಗೆ ಹುಷಾರಿಲ್ಲದಾಗ ಹೋಗಿ ನೋಡಿಕೊಂಡು ಬರ್ತಾರೆ. ನನಗಿಂತ ಎರಡು ವರ್ಷ ದೊಡ್ಡವರು, ನನ್ನನ್ನ ಅಕ್ಕ ಅಂತಾರೆ. ಹಿಂದಿನ ದಿನಗಳ ಬಗ್ಗೆ ನಾನು ಕೇಳಿದಾಗ ಅವರು ಹೇಳಿದ್ದು ಎರಡೇ ಮಾತು: “ಅಮ್ಮ ತುಂಬಾ ಒಳ್ಳೇವ್ರು ಅಕ್ಕ. ಆದ್ರೆ ನನ್ ಮಗಳನ್ನ ನಾನು ಎಲ್ಲೂ ಬಿಡಲ್ಲ.” ಮಗಳು ಈಗ ಡಿಪ್ಲೊಮಾ ಓದ್ತಿದ್ದಾಳೆ.

ನಮ್ಮಲ್ಲಿ ಎಷ್ಟೋ ಜನ ವರ್ಷಕ್ಕೊಮ್ಮೆ ಊರಿಗೆ ಹೋಗ್ತೀವಿ. ನೆಂಟರ ಮನೆಯಲ್ಲಿ ಕಾಫಿ ತಂದುಕೊಡೋ ಕೈ ಚಿಕ್ಕದಿರಬಹುದು. ಆಗ ‘ಚೆನ್ನಾಗಿ ನೋಡ್ಕೋತೀರಾ’ ಅಂತ ಕೇಳಿದರೆ ಹೌದು ಅನ್ನೋ ಉತ್ತರವೇ ಬರುತ್ತೆ, ಅದು ನಿಜವೂ ಆಗಿರಬಹುದು. ಬೇರೆ ಮೂರು ಪ್ರಶ್ನೆ ಕೇಳಬಹುದು. ಯಾವ ಶಾಲೆಗೆ ಹೋಗ್ತಾಳೆ? ದುಡ್ಡು ಯಾರ ಕೈಗೆ ಹೋಗುತ್ತೆ? ನಾಳೆ ಮನೆಗೆ ಹೋಗ್ತೀನಿ ಅಂದ್ರೆ ಹೋಗಬಹುದಾ? ಇವಕ್ಕೆ ಉತ್ತರ ಹೇಳುವಾಗ ಒಳ್ಳೆಯತನದ ಮಾತು ಸಹಾಯಕ್ಕೆ ಬರಲ್ಲ. ದೊಡ್ಡವರನ್ನ ಕೆಟ್ಟವರು ಅಂತ ಸಾಬೀತು ಮಾಡೋಕೆ ಹೊರಟರೆ ಮಾತು ಅಲ್ಲೇ ನಿಂತುಹೋಗುತ್ತೆ. ಮಗುವನ್ನ ಶಾಲೆಗೆ ಸೇರಿಸೋದು ಹೇಗೆ, ಆ ಕೆಲಸಕ್ಕೆ ದೊಡ್ಡವರೊಬ್ಬರನ್ನ ಪೂರ್ತಿ ಸಂಬಳಕ್ಕೆ ಇಟ್ಟರೆ ಎಷ್ಟಾಗುತ್ತೆ, ಅದರಲ್ಲಿ ನಾವೆಷ್ಟು ಕಳಿಸಬಹುದು ಅಂತ ಶುರು ಮಾಡಿದರೆ ಮುಂದುವರಿಯುತ್ತೆ. ಮಾತಿಗೂ ಬಗ್ಗದಿದ್ದರೆ ಭಾರತದಲ್ಲಿ ಮಕ್ಕಳ ಸಹಾಯವಾಣಿ 1098 ಇದೆ. ಮನೆಯವರಿಗೆ ನಿಮ್ಮ ಮೇಲೆ ಸಿಟ್ಟು ಬರಬಹುದು. ಮಗುವಿಗೆ ಶಾಲೆಯ ವರ್ಷಗಳು ಎರಡನೇ ಸಲ ಬರಲ್ಲ.